ಹೆದ್ದಾರಿ 1ರ ಸೀಲ್ ಚಿತ್ರಗಳು: ಈವರೆಗೆ ಆದದ್ದು, ಇನ್ನೂ ಉಳಿದದ್ದು

ಕ್ಯಾಲಿಫೋರ್ನಿಯಾದ ಕರಾವಳಿ ರಸ್ತೆಯಾದ ಹೆದ್ದಾರಿ 1ರಲ್ಲಿ ಸೀಲ್‌ಗಳ ಫೋಟೊ ತೆಗೆಯುವ ಕೆಲಸದಲ್ಲಿ, ಸ್ಯಾನ್ ಸಿಮಿಯನ್ ಬಳಿಯ ಪಿಯೆದ್ರಾಸ್ ಬ್ಲಾಂಕಾಸ್ ಕಡಲತಡಿಯ ಭಾಗ ಬಹುತೇಕ ಮುಗಿದಿದೆ. ಜನವರಿ ಕೊನೆಯನ್ನು ಆರಿಸಿದ್ದು ಎಲಿಫೆಂಟ್ ಸೀಲ್‌ಗಳಿಗಾಗಿ (ಗಂಡಿಗೆ ಸೊಂಡಿಲಿನಂಥ ಮೂಗು). ಕಪ್ಪು ತುಪ್ಪಳದ ಮರಿಗಳು, ಹಾಲೂಡಿಸುವ ತಾಯಂದಿರು, ಕಾದಾಡುವ ಗಂಡುಗಳು ಆಗ ಒಂದೇ ಮರಳಿನಲ್ಲಿ ಸಿಗುತ್ತವೆ. ಮರದ ಹಲಗೆಯ ದಾರಿಯಿಂದಲೇ ನೋಡಬೇಕು, ಟಿಕೆಟ್ ಇಲ್ಲ.

100–400 ಎಂಎಂ ಝೂಮ್ ಒಂದೇ ಸಾಕಾಯಿತು. ಸೀಲ್‌ಗಳು ಮೈಮೇಲೆ ಎರಚಿಕೊಳ್ಳುವ ಮರಳು ಗಾಳಿಯಲ್ಲಿ ಹಾರುವುದರಿಂದ ಅಲ್ಲಿ ಲೆನ್ಸ್ ಬದಲಿಸಬಾರದು.

ಹೆಚ್ಚು ಚಿತ್ರಗಳು ಕೆಟ್ಟದ್ದು ಕೋನದಿಂದ. ಮೇಲಿನಿಂದ ತೆಗೆದರೆ ಎಂಥ ಗಂಡು ಸೀಲೂ ಮರಳಿನ ಮೇಲೆ ಬಿದ್ದ ಮೂಟೆಯಂತೆ ಕಾಣುತ್ತದೆ. ಕ್ಯಾಮೆರಾ ಮರಳಿಗಿಂತ 4 ಮೀಟರ್ ಎತ್ತರದಲ್ಲಿದ್ದರೆ, 10 ಮೀಟರ್ ದೂರದ ಪ್ರಾಣಿಯನ್ನು ಸುಮಾರು 22 ಡಿಗ್ರಿ ಇಳಿಜಾರಾಗಿ ನೋಡುತ್ತದೆ. 40 ಮೀಟರ್ ದೂರದ್ದನ್ನು 6 ಡಿಗ್ರಿಗೂ ಕಡಿಮೆ. ಹಾಗಾಗಿ ಹತ್ತಿರದ್ದನ್ನು ಬಿಟ್ಟು ದೂರದ್ದನ್ನೇ 400 ಎಂಎಂನಲ್ಲಿ ಹಿಡಿದಾಗ ಸೊಂಡಿಲು, ಎದೆ, ಹಿಂದಿನ ಅಲೆ ಎಲ್ಲವೂ ತಮ್ಮ ಎತ್ತರಕ್ಕೆ ಬಂದವು. ಆದರೆ ಬಿಸಿಲೇರಿದ ಮೇಲೆ ಇದು ನಡೆಯದು. ಕಾದ ಮರಳಿನ ಮೇಲಿನ ಗಾಳಿ ನಡುಗಿ ಚಿತ್ರ ಮಸುಕಾಗುತ್ತದೆ, ಫೋಕಸ್ ಎಷ್ಟೇ ಸರಿಯಿದ್ದರೂ.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ, ಈಗ ಹದಕ್ಕೆ ಬಂದಿದೆ. ಒದ್ದೆ, ಕಪ್ಪು ಮೈ ಚೌಕಟ್ಟು ತುಂಬಿದರೆ ಕ್ಯಾಮೆರಾದ ಬೆಳಕು ಅಳೆಯುವ ಆಟೋ ಮೀಟರ್ ಅದನ್ನು ಬೂದು ಮಾಡಲು ಹೊರಟು ಅಲೆಯ ನೊರೆಯನ್ನು ವಿವರವಿಲ್ಲದ ಬರಿ ಬಿಳಿಯಾಗಿಸಿಬಿಡುತ್ತದೆ. ನೊರೆ ಹೆಚ್ಚಾದರೆ ಮರಿಯ ಮುಖವೇ ಕತ್ತಲು. ಮ್ಯಾನ್ಯುಯಲ್‌ನಲ್ಲಿ, ಹಿಸ್ಟೋಗ್ರಾಮ್‌ನ (ಚಿತ್ರದ ಕತ್ತಲು-ಬೆಳಕಿನ ಹಂಚಿಕೆ ತೋರುವ ನಕ್ಷೆ) ಬಲ ಅಂಚಿಗೆ ನೊರೆ ತಾಗುವಷ್ಟರಲ್ಲಿ ನಿಲ್ಲಿಸಿದ ಸೆಟ್ಟಿಂಗ್ ಬೆಳಕು ಬದಲಾಗುವವರೆಗೂ ನಡೆಯಿತು. ಕಾದಾಟಕ್ಕೆ ಶಟರ್ 1/1600 ಸೆಕೆಂಡ್, ಮಲಗಿದ್ದಕ್ಕೆ 1/500.

ಕಣ್ಣು ಹಿಡಿಯುವ ಆಟೋಫೋಕಸ್ ಕಪ್ಪು ಮುಖದಲ್ಲಿ ಮೂಗಿಗೆ ಜಾರುತ್ತದೆ. ನಾವೇ ಆರಿಸಿ ಕಣ್ಣಿನ ಮೇಲಿಡುವ ಒಂದೇ ಫೋಕಸ್ ಬಿಂದು ವಾಸಿ. ಕಣ್ಣಿನ ಸುತ್ತ ಒದ್ದೆ ವರ್ತುಲ ಕಂಡರೆ ಕಾಯಿಲೆಯೆಂದು ಭಾವಿಸಬೇಡಿ. ಸೀಲ್‌ಗಳಲ್ಲಿ ಕಣ್ಣೀರು ಮೂಗಿಗೆ ಇಳಿಯುವ ನಾಳವಿಲ್ಲ, ಹೊರಗೇ ಹರಿಯುತ್ತದೆ. ಅದು ಚಿತ್ರಕ್ಕೆ ಚೆಂದವೂ ಹೌದು.

ಲೆನ್ಸ್ ಮೇಲೆ ಒಣಗಿದ ಉಪ್ಪನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರಲ್ಲಿ ನೆನೆಸಿ ಹಿಂಡಿದ ಬಟ್ಟೆ, ಆಮೇಲೆ ಒಣಬಟ್ಟೆ.

ಉಳಿದಿರುವುದು ಉತ್ತರಕ್ಕೆ, ಪಾಯಿಂಟ್ ಲೋಬೋಸ್‌ನ ಹಾರ್ಬರ್ ಸೀಲ್‌ಗಳು. ನಡುವಿನ ಬಿಗ್ ಸರ್ ಕರಾವಳಿಯಲ್ಲಿ ಭೂಕುಸಿತದಿಂದ ರಸ್ತೆ ಮುಚ್ಚುವುದುಂಟು. ಮುಚ್ಚಿದ್ದರೆ ಒಳನಾಡಿನ ಹೆದ್ದಾರಿ 101 ಹಿಡಿಯಬೇಕು. ಹಾರ್ಬರ್ ಸೀಲ್‌ಗಳು ಇಳಿತದ ಹೊತ್ತಿಗೆ ಬಂಡೆಯೇರುವುದರಿಂದ ಗಡಿಯಾರಕ್ಕಿಂತ ಉಬ್ಬರವಿಳಿತದ ಪಟ್ಟಿ ಮುಖ್ಯ. ಕನಿಷ್ಠ 50 ಗಜ, ಅಂದರೆ ಸುಮಾರು 45 ಮೀಟರ್ ದೂರವಿರಬೇಕು; ಕಾಡು ಸೀಲ್‌ಗಳಿಗೆ ಕಿರುಕುಳ ಕೊಡುವುದು 1972ರ ಸಾಗರ ಸಸ್ತನಿ ರಕ್ಷಣಾ ಕಾಯ್ದೆಯಡಿ ಅಪರಾಧ. ಆ ದೂರದಲ್ಲೂ ಒಂದೂವರೆ ಮೀಟರ್ ಉದ್ದದ ಸೀಲ್ 400 ಎಂಎಂಗೆ ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರ್) ಚೌಕಟ್ಟಿನ ಅಗಲದ ಮೂರನೇ ಒಂದಕ್ಕಿಂತ ಹೆಚ್ಚು ತುಂಬುತ್ತದೆ. ಒಂದು ತಲೆಯೆತ್ತಿ ನೋಡಿದರೆ ಅಲ್ಲೇ ನಿಲ್ಲಬೇಕು, ಹಲವು ಎತ್ತಿದರೆ ಮೆಲ್ಲನೆ ಹಿಂದೆ ಸರಿಯಬೇಕು. ನೀರಿಗೆ ಹಾರಿದವು ಆ ಇಳಿತದಲ್ಲಿ ಮರಳಿ ಬಾರದೆಯೂ ಹೋಗಬಹುದು.