ಕನ್ನಡಕದ ಸೊಟ್ಟ ಕಡ್ಡಿ

ಅಮ್ಮ ಹೋಗಿ ನಾಲ್ಕು ತಿಂಗಳಾಗಿತ್ತು. ಬಟ್ಟೆಬರೆ ಹಂಚಿದ್ದಾಯಿತು, ಉಳಿದ ಮಾತ್ರೆಗಳನ್ನು ಎಸೆದದ್ದಾಯಿತು. ಕನ್ನಡಕ ಮಾತ್ರ ಮೇಜಿನ ಮೇಲೆ ಹಾಗೇ ಕೂತಿತ್ತು. ಎತ್ತಿಡೋಕೂ ಮನಸ್ಸಿಲ್ಲ, ನೋಡೋಕೂ ಆಗಲ್ಲ.

ನಿದ್ದೆ ಬಾರದೆ ಮೊಬೈಲ್ ತಿಕ್ಕುತ್ತ ಕೂತಿದ್ದವನು ಒಂದು ರಾತ್ರಿ ಯಾಕೋ ಎದ್ದು ಹಳೆಯ ಬಣ್ಣದ ಡಬ್ಬಿ ಹುಡುಕಿ ತೆಗೆದೆ. ಚಿತ್ರಕಾರ ಆನ್ರಿ ಮಾತೀಸ್ 20ರ ವಯಸ್ಸಿನ ಆಸುಪಾಸಿನಲ್ಲಿ ಅಪೆಂಡಿಸೈಟಿಸ್ ಆಗಿ ಮಲಗಿದ್ದಾಗ ಬಣ್ಣದ ಸಾಮಾನು ತಂದುಕೊಟ್ಟವಳು ಅವನ ತಾಯಿಯಂತೆ. ನಮ್ಮಮ್ಮನಿಗೆ ಅಂಥ ಖಯಾಲಿ ಇರಲಿಲ್ಲ. "ಬಣ್ಣ ಬಳಿದಿದ್ದು ಸಾಕು, ಮಲಕ್ಕೋ" ಅನ್ನೋದೇ ಅವಳ ಪ್ರೋತ್ಸಾಹ.

ಕನ್ನಡಕ ಬರೆಯೋದು ಕಷ್ಟ. ಗಾಜಿಗೆ ಬಣ್ಣವೇ ಇಲ್ಲವಲ್ಲ! ಜಲವರ್ಣದಲ್ಲಿ ಹೊಳಪು ಬೇಕೆಂದರೆ ಸಾಮಾನ್ಯವಾಗಿ ಕಾಗದದ ಬಿಳಿಯನ್ನೇ ಮುಟ್ಟದೆ ಉಳಿಸಿಕೊಳ್ಳಬೇಕು. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಬೆರೆಸಿದರೆ ಒಳ್ಳೆಯ ಬೂದು ಬರುತ್ತದೆ. ನೆರಳಿಗೆ ಅದನ್ನೇ ಹಾಕಿದೆ. ಮೊದಲ ಹಾಳೆ ತೆಳು, ನೀರು ಕುಡಿದು ಅಲೆಅಲೆಯಾಗಿ ಎದ್ದಿತು. 300 ಜಿಎಸ್‌ಎಂನ ದಪ್ಪ ಹಾಳೆ ತೆಗೆದು ಮತ್ತೆ ಕೂತೆ. ಎರಡು ಗಂಟೆ ಅಮ್ಮನ ನೆನಪೇ ಬರಲಿಲ್ಲ. ಬರೀ ಗಾಜು, ಅಂಚು, ನೆರಳು. ಅದು ಗೊತ್ತಾದಾಗ ಏನೋ ತಪ್ಪು ಮಾಡಿದಂತೆ ಅನ್ನಿಸಿತು. ಎಷ್ಟೋ ದಿನದ ಮೇಲೆ ಉಸಿರು ಸರಾಗವಾಗಿ ಆಡಿದಂತೆಯೂ.

'ಅಮ್ಮನ ಕನ್ನಡಕ' ಅಂತಷ್ಟೇ ಬರೆದು ಇನ್‌ಸ್ಟಾಗ್ರಾಂಗೆ ಹಾಕಿದೆ. ಲೈಕ್ 11. ಅಷ್ಟಕ್ಕೇ ಹತ್ತಾರು ಸಲ ತೆಗೆದು ನೋಡಿದ್ದು ನಿಜ. ಈ ಚಟಕ್ಕೆ ದುಃಖದ ಮುಲಾಜೂ ಇಲ್ಲ.

ಮಾರನೇ ದಿನ ಗುರುತು ಪರಿಚಯ ಇಲ್ಲದವರೊಬ್ಬರ ಮೆಸೇಜ್: "ಎಡಗಡೆ ಕಡ್ಡಿ ಸೊಟ್ಟಗಿದೆ. ನಿಮ್ಮಮ್ಮ ಕನ್ನಡಕ ಹಾಕ್ಕೊಂಡೇ ಮಲಗಿಬಿಡ್ತಿದ್ರಾ? ನಮ್ಮ ತಂದೇದೂ ಹಾಗೇ ಇತ್ತು."

ನಾನು ಗೆರೆ ತಪ್ಪಿದೆ ಅಂದುಕೊಂಡಿದ್ದೆ. ಕನ್ನಡಕ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಕಡ್ಡಿ ನಿಜವಾಗಿಯೂ ಸೊಟ್ಟ. ಓದುತ್ತ ಓದುತ್ತ ಎಡಕ್ಕೆ ಹೊರಳಿ ಹಾಗೇ ನಿದ್ದೆ ಹೋಗುತ್ತಿದ್ದಳು. ಎಷ್ಟು ಸಲ ನಾನೇ ಮೆಲ್ಲಗೆ ತೆಗೆದಿಟ್ಟಿಲ್ಲ! ಆಸ್ಪತ್ರೆಯ ಆ ಕೊನೆಯ ವಾರಗಳು ಇದನ್ನೆಲ್ಲ ಮುಚ್ಚಿಹಾಕಿದ್ದವು. ಅಮ್ಮ ಅಂದರೆ ಮೂಗಿನ ನಳಿಗೆ, ಊದಿದ ಕೈ ಅಷ್ಟೇ ಆಗಿಹೋಗಿದ್ದಳು.

ಅತ್ತುಬಿಟ್ಟೆ. ಆಮೇಲೆ ಅವರಿಗೆ ಇಷ್ಟುದ್ದ ಉತ್ತರ ಬರೆದು, ತಂದೆಯವರ ಕನ್ನಡಕದ ಫೋಟೋ ಇದ್ದರೆ ಕಳಿಸಿ, ಚಿತ್ರ ಬರೆದು ಕೊಡ್ತೀನಿ ಅಂದೆ.

ಸಂಜೆ ಫೋಟೋ ಬಂತು. ದಪ್ಪ ಕಪ್ಪು ಫ್ರೇಮು, ಮುರಿದ ಕಡೆ ದಾರ ಸುತ್ತಿದೆ. ಆ ದಾರದ ಎಳೆ ಬಿಡಿಸೋಕೆ ಸೊನ್ನೆ ನಂಬರ್ ಬ್ರಷ್ ಬೇಕು. ಎಲ್ಲಿಟ್ಟೆನೋ, ಹುಡುಕ್ತಾ ಇದ್ದೀನಿ.