ಎರಡು ಸೆಕೆಂಡಿನ ಸದ್ದು

ತಣ್ಣಗಿದ್ದ ಎಂಜಿನ್ ಶುರುವಾದ ಕೂಡಲೇ ಮೊದಲ ಎರಡು ಸೆಕೆಂಡು ಒಂದು ಕಟಕಟ ಸದ್ದು ಬರುತ್ತಿತ್ತು. ಡಬ್ಬಿಯಲ್ಲಿ ಮೊಳೆ ಹಾಕಿ ಅಲುಗಾಡಿಸಿದ ಹಾಗೆ. ಆಯಿಲ್ ಮೇಲೇರುತ್ತಿದ್ದಂತೆ ಅಡಗಿಬಿಡುತ್ತಿತ್ತು. ಮೂರು ವಾರ ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ. ನಾಲ್ಕನೇ ವಾರದ ಒಂದು ಬೆಳಿಗ್ಗೆ ಅದು ಅಡಗಲಿಲ್ಲ. ಎಂಜಿನ್ ಎರಡು ಸಲ ಮುಗ್ಗರಿಸಿತು, ಗಾಡಿ ಪೂರ್ತಿ ನಡುಗಿತು, ಆಮೇಲೆ ನಿಶ್ಶಬ್ದ.

ಕೈಯಲ್ಲಿದ್ದ ಪುಟ್ಟ ಸ್ಕ್ಯಾನರ್ ಚುಚ್ಚಿ ನೋಡಿದೆ. ಪಿ0016. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಮತ್ತು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳ ತಾಳ ತಪ್ಪಿದೆ ಎಂದು ಹೇಳುವ ಕೋಡ್. ಅದರ ಜೊತೆಗಿದ್ದ ಫ್ರೀಜ್ ಫ್ರೇಮ್, ಅಂದರೆ ದೋಷ ಕಂಡ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಎಂಬ ದಾಖಲೆ, ಹೀಗಿತ್ತು: ವೇಗ 0, ಆರ್‌ಪಿಎಂ 740, ಕೂಲಂಟ್ ಉಷ್ಣತೆ 14 ಡಿಗ್ರಿ. ಅಭ್ಯಾಸಬಲದಿಂದ ಆ ಪರದೆಯ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡೆ. ಮುಂದೆ ಆ ಕ್ಷಣದ ಬಗ್ಗೆ ನನ್ನ ಬಳಿ ಉಳಿಯುವ ದಾಖಲೆ ಅದೊಂದೇ ಎಂದು ಆಗ ಗೊತ್ತಿರಲಿಲ್ಲ.

ಗಾಡಿ ಎರಡು ಲೀಟರಿನ ಟರ್ಬೊ ಪೆಟ್ರೋಲ್. ವಾರಂಟಿ ಇನ್ನೂ 14 ತಿಂಗಳು ಬಾಕಿ ಇತ್ತು. ಆದರೆ ಅದು ಶೋರೂಮಿನಿಂದ ಬಂದ ಹಾಗೇ ಇರಲಿಲ್ಲ. ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಬದಲಾಯಿಸಿದ್ದೆ, ಟರ್ಬೊದಿಂದ ಹೊಗೆ ಹೊರಗೊಯ್ಯುವ ಡೌನ್‌ಪೈಪ್ ಬೇರೆಯದು ಹಾಕಿಸಿದ್ದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಸ್ಟೇಜ್ 1 ಟ್ಯೂನ್, ಅಂದರೆ ಶಕ್ತಿ ಹೆಚ್ಚಿಸುವ ಬೇರೆ ಸಾಫ್ಟ್‌ವೇರ್, ಬರೆಸಿದ್ದೆ. ಟರ್ಬೊ ಒಳನೂಕುವ ಗಾಳಿಯ ಒತ್ತಡ, ಅಂದರೆ ಬೂಸ್ಟ್ ಏರಿತ್ತು, ಎಂಜಿನ್ನಿನ ತಿರುಗಿಸುವ ಬಲ, ಅಂದರೆ ಟಾರ್ಕ್ ಏರಿತ್ತು. ಈ ಗಾಡಿಯನ್ನು ನಾನು ಎಷ್ಟು ಪ್ರೀತಿಸುತ್ತೇನೆ ಎಂದರೆ, ಶಿಫಾರಸಿಗಿಂತ ಅರ್ಧ ಅವಧಿಗೇ ಆಯಿಲ್ ಬದಲಾಯಿಸುತ್ತಿದ್ದೆ, ಪ್ರತಿ ಸಲದ ರಸೀದಿಯನ್ನೂ ಒಂದು ಫೈಲಿನಲ್ಲಿ ಜೋಡಿಸಿಡುತ್ತಿದ್ದೆ.

ಅಷ್ಟು ಜೋಪಾನ ಮಾಡಿದವನು ಆ ರಾತ್ರಿ ಮಾಡಿದ್ದು ಬೇರೆಯೇ. ಬ್ಯಾಟರಿಗೆ ಚಾರ್ಜರ್ ಹಚ್ಚಿ, ಲ್ಯಾಪ್‌ಟಾಪ್ ಜೋಡಿಸಿ, ಟ್ಯೂನ್ ತೆಗೆದು ಸ್ಟಾಕ್ ಫೈಲ್, ಅಂದರೆ ಕಂಪನಿಯ ಮೂಲ ಸಾಫ್ಟ್‌ವೇರ್, ಬರೆದೆ. ಡೌನ್‌ಪೈಪ್ ಬಿಚ್ಚಲು ಪುರುಸೊತ್ತಿರಲಿಲ್ಲ, ಇಂಟೇಕ್ ಮಾತ್ರ ಹಳೆಯದನ್ನು ಕೂರಿಸಿದೆ. ಹೆದರಿಕೆಯೊಂದೇ ಕಾರಣ. ಟ್ಯೂನ್ ಕಂಡರೆ ಬಾಗಿಲು ಮುಚ್ಚುತ್ತಾರೆ ಎಂದು ಎಷ್ಟೋ ಜನರಿಂದ ಕೇಳಿದ್ದೆ. ಎಂಜಿನ್ ಕೆಟ್ಟದ್ದು ಟ್ಯೂನಿನಿಂದ ಅಲ್ಲ ಎಂದು ಮನಸ್ಸು ಒಳಗೊಳಗೇ ಹೇಳುತ್ತಿತ್ತು. ಹಾಗಿದ್ದ ಮೇಲೆ ಮುಚ್ಚಿಡುವುದೇಕೆ ಎಂಬ ಪ್ರಶ್ನೆಯನ್ನು ಆ ರಾತ್ರಿ ಕೇಳಿಕೊಳ್ಳಲಿಲ್ಲ.

ಮರುದಿನ ಗಾಡಿಯನ್ನು ಎಳೆಸಿಕೊಂಡು ಸರ್ವಿಸ್ ಸೆಂಟರಿಗೆ ಹೋದೆ. ಅಡ್ವೈಸರ್ ಬಾನೆಟ್ ಎತ್ತಿದರು, ಬಗ್ಗಿ ಡೌನ್‌ಪೈಪ್ ನೋಡಿದರು, ಮುಚ್ಚಿದರು. "ಮಾಡಿಫೈ ಆಗಿದೆ ಸರ್. ವಾರಂಟಿ ಹೋಯ್ತು."

"ಯಾವುದರ ವಾರಂಟಿ?"

"ಎಲ್ಲಾದ್ದೂ."

ನಾನು ಪಟ್ಟು ಬಿಡಲಿಲ್ಲ. ಯಾವ ಭಾಗ ಕೆಟ್ಟಿದೆ, ನನ್ನ ಯಾವ ಮಾಡಿಫಿಕೇಶನ್ ಅದನ್ನು ಹೇಗೆ ಕೆಡಿಸಿತು ಎಂದು ಬರೆದುಕೊಡಿ ಎಂದೆ. ಬರವಣಿಗೆಯ ಮಾತು ಬಂದ ಕೂಡಲೇ ದನಿ ಬದಲಾಯಿತು. ಸಂಜೆ ಕೈಗೆ ಬಂದ ಕಾಗದದಲ್ಲಿ "ರದ್ದು" ಎಂಬ ಪದ ಇರಲಿಲ್ಲ. "ಕಾರಣ ಪರಿಶೀಲನೆಯಲ್ಲಿದೆ, ಕಂಪನಿಯ ಎಂಜಿನಿಯರ್ ಬಂದು ನೋಡುವರು" ಎಂದಿತ್ತು. ಇಂಥ ಜಗಳಕ್ಕೆ ಇಳಿಯುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ: ಕಾಗದದಲ್ಲಿ ಕೇಳಿ. ಬಾಯಲ್ಲಿ ಹೇಳುವಷ್ಟು ಸಲೀಸಾಗಿ ಯಾರೂ ಬರೆದು ಸಹಿ ಹಾಕುವುದಿಲ್ಲ.

ಎಂಜಿನಿಯರ್ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಮಾಡಿಫೈ ಮಾಡುವವರ ನಡುವೆ ಸದಾ ಕೇಳಿಬರುವ ಹೆಸರು ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ. ಅದನ್ನು ಗುರಾಣಿಯಂತೆ ಹಿಡಿದು "ಯಾರೂ ವಾರಂಟಿ ಮುಟ್ಟುವಂತಿಲ್ಲ" ಎನ್ನುವವರು ಬಹಳ. ಓದಿದರೆ ಅದು ಹೇಳುವುದು ಅಷ್ಟಲ್ಲ. ನಮ್ಮದೇ ಹೆಸರಿನ ಬಿಡಿಭಾಗ ಬಳಸಿದರೆ ಮಾತ್ರ ವಾರಂಟಿ ಎಂಬ ಷರತ್ತನ್ನು ತಯಾರಕರು ಹಾಕುವಂತಿಲ್ಲ. ಹೊರಗಿನ ಭಾಗ ಇದೆ ಎಂಬ ಒಂದೇ ನೆಪಕ್ಕೆ ಸಂಬಂಧವಿಲ್ಲದ ದುರಸ್ತಿಯನ್ನು ನಿರಾಕರಿಸುವಂತಿಲ್ಲ. ಆದರೆ ಆ ಹೊರಗಿನ ಭಾಗವೇ ಹಾನಿ ಮಾಡಿದ್ದರೆ ಅದನ್ನು ಅವರು ತುಂಬಿಕೊಡಬೇಕಿಲ್ಲ. ಒಟ್ಟಿನಲ್ಲಿ ಎಲ್ಲವೂ ಬಂದು ನಿಲ್ಲುವುದು ಕಾರಣದ ಮೇಲೆ. ಟ್ಯೂನ್ ಮಾಡಿದ ಗಾಡಿಯ ಕಿಟಕಿ ಮೋಟಾರ್ ಕೆಟ್ಟರೆ ಟ್ಯೂನಿನ ಮಾತೇ ಬರಬಾರದು. ಅದೇ ಗಾಡಿಯ ಪಿಸ್ಟನ್ ರಿಂಗ್ ಕೂರುವ ಅಂಚು ಒಡೆದರೆ ಟ್ಯೂನಿನ ಮಾತು ಬಂದೇ ಬರಬೇಕು. ಬೂಸ್ಟ್ ಹೆಚ್ಚಾದಾಗ ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ ಅಪಾಯ ಹೆಚ್ಚುತ್ತದೆ, ಮೊದಲು ಒಡೆಯುವ ಜಾಗಗಳಲ್ಲಿ ಆ ಅಂಚೂ ಒಂದು. ಕ್ಲಚ್ಚೂ ಹಾಗೆಯೇ. ಇಷ್ಟು ಟಾರ್ಕ್ ತಡೆದುಕೊಳ್ಳಲಿ ಎಂದು ಲೆಕ್ಕ ಹಾಕಿ ಮಾಡಿದ ಕ್ಲಚ್ಚಿಗೆ ಅದಕ್ಕಿಂತ ಹೆಚ್ಚು ಹೊರಿಸಿದವನು ನಾನು. ಅದು ಜಾರಿದರೆ ಬೇರೆಯವರ ಬಾಗಿಲು ತಟ್ಟಲು ನನಗೆ ಮುಖವಿಲ್ಲ.

ಎಂಜಿನಿಯರ್ ಮಧ್ಯವಯಸ್ಸಿನವರು, ಮೆತ್ತಗೆ ಮಾತಾಡುವವರು. ಬಂದವರೇ ಎಂಜಿನ್ ಕಡೆ ನೋಡಲಿಲ್ಲ. ಲ್ಯಾಪ್‌ಟಾಪ್ ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಸಾಫ್ಟ್‌ವೇರ್ ನಮ್ಮದೇ, ಲೆಕ್ಕ ತಾಳೆಯಾಗುತ್ತದೆ. ಆದರೆ ಇದನ್ನು ನೋಡಿ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಸೊನ್ನೆ. ಅಳಿಸಿದ ಮೇಲೆ ಎಂಜಿನ್ ಬಿಸಿಯಾದದ್ದು ಸೊನ್ನೆ ಸಲ. ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳೋ ಮಾನಿಟರ್‌ಗಳು ಒಂದೂ ಪೂರ್ತಿಯಾಗಿಲ್ಲ. ಇನ್ನು ಇಸಿಯುಗೆ ಎಷ್ಟು ಸಲ ಬರೆದಿದ್ದಾರೆ ಅನ್ನೋ ಎಣಿಕೆ ನಮ್ಮ ಸರ್ವಿಸ್ ದಾಖಲೆಗಿಂತ ಹೆಚ್ಚಿದೆ. ಗಾಡಿ ನಿಂತ ಮೇಲೆ ಯಾರೋ ಫ್ಲ್ಯಾಶ್ ಮಾಡಿದ್ದಾರೆ."

ದನಿಯಲ್ಲಿ ಕೋಪವಿರಲಿಲ್ಲ. ಹಾಗಾಗಿಯೇ ನನಗೆ ಹೆಚ್ಚು ಚುಚ್ಚಿತು. ನಾನು ಮುಚ್ಚಿಟ್ಟದ್ದು ಟ್ಯೂನನ್ನು ಎಂದುಕೊಂಡಿದ್ದೆ. ಸ್ಟಾಕ್ ಫೈಲ್ ಬರೆದಾಗ ನಿಜದಲ್ಲಿ ಅಳಿಸಿದ್ದು ಪಿ0016 ಅನ್ನು, ಅದರ ಜೊತೆಗಿದ್ದ ಫ್ರೀಜ್ ಫ್ರೇಮನ್ನು. ಎಂಜಿನ್ ಸತ್ತದ್ದು ನಿಂತಲ್ಲೇ, ತಣ್ಣಗಿದ್ದಾಗ, ಬೂಸ್ಟ್ ಇಲ್ಲದಾಗ ಎಂದು ಕಂಪನಿಯ ಉಪಕರಣವೇ ಓದಿ ಹೇಳಬಹುದಾಗಿದ್ದ ಸಾಕ್ಷಿಯನ್ನು ನನ್ನ ಕೈಯಾರೆ ಒರೆಸಿ ಹಾಕಿದ್ದೆ.

"ನಾನೇ ಮಾಡಿದ್ದು," ಎಂದೆ. ಟ್ಯೂನ್ ಯಾವುದು, ಯಾವಾಗ ಬರೆಸಿದ್ದು, ಎಷ್ಟು ಬೂಸ್ಟ್, ಎಲ್ಲ ಹೇಳಿದೆ. ಇಂಟೇಕ್ ಬದಲಾಯಿಸಿದ್ದನ್ನೂ ಹೇಳಿದೆ, ಅವರು ಅದನ್ನು ಕೇಳಿರಲಿಲ್ಲ. ಫೋನಿನ ಚಿತ್ರ ತೋರಿಸಿದೆ. ಅವರು ಹಿಗ್ಗಿಸಿ ನೋಡಿದರು. "ಇದು ನಿಜ ಇರಬಹುದು. ಆದರೆ ಅಳಿಸಿದವರ ಫೋನಿನಲ್ಲಿರೋ ಚಿತ್ರ ಇಟ್ಟುಕೊಂಡು ನಾನು ವರದಿ ಬರೆಯೋಕಾಗಲ್ಲ," ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಉಳಿದದ್ದು ಒಂದೇ ದಾರಿ, ಎಂಜಿನ್ ಬಿಚ್ಚುವುದು. ಅದಕ್ಕೊಂದು ಒಪ್ಪಿಗೆ ಪತ್ರ: ತಪ್ಪು ಮಾಡಿಫಿಕೇಶನ್‌ನದು ಎಂದು ತೇಲಿದರೆ ಬಿಚ್ಚಿದ ಕೂಲಿಯೂ ನನ್ನದೇ. ಪೆನ್ ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಒಂದೇ ಷರತ್ತು ಕೇಳಿದೆ, ಬಿಚ್ಚುವಾಗ ನಾನು ಪಕ್ಕದಲ್ಲಿರಬೇಕು, ತೆಗೆದ ಪ್ರತಿ ಭಾಗದ ಚಿತ್ರ ಇಬ್ಬರ ಬಳಿಯೂ ಇರಬೇಕು. ಅವರು ಒಪ್ಪಿದರು. ಸಹಿ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ವಾಲ್ವ್‌ಗಳಿರುವ ಮೇಲ್ಭಾಗ, ಹೆಡ್, ಕೆಳಗಿಳಿಯಿತು. ಇಂಟೇಕ್ ವಾಲ್ವ್‌ಗಳು ಬಾಗಿದ್ದವು. ಪಿಸ್ಟನ್‌ಗಳ ನೆತ್ತಿಯ ಮೇಲೆ ಅರ್ಧಚಂದ್ರದಂಥ ಗುರುತು, ವಾಲ್ವ್ ಬಡಿದ ಜಾಗ. ಕ್ರ್ಯಾಂಕನ್ನೂ ಕ್ಯಾಮನ್ನೂ ಜೋಡಿಸುವ ಟೈಮಿಂಗ್ ಚೈನ್ ಹಲ್ಲು ಹಾರಿ, ತೆರೆದುಕೊಂಡಿದ್ದ ವಾಲ್ವ್‌ಗೆ ಮೇಲೇರಿ ಬಂದ ಪಿಸ್ಟನ್ ಹೊಡೆದಿತ್ತು. ಅಡ್ವೈಸರ್ ಹಿಂದಿನಿಂದ "ಟಾರ್ಕ್ ಜಾಸ್ತಿ ಮಾಡಿದ್ರೆ ಚೈನ್ ಎಳೆಯುತ್ತೆ" ಎಂದರು. ನಾನು ಉತ್ತರಿಸುವ ಮೊದಲೇ ಎಂಜಿನಿಯರ್ ತಲೆಯಾಡಿಸಿ ಅಲ್ಲ ಎಂದರು. ಚಕ್ರ ತಿರುಗಿಸುವ ಟಾರ್ಕ್ ಟೈಮಿಂಗ್ ಚೈನ್ ಮೂಲಕ ಹೋಗುವುದೇ ಇಲ್ಲ. ಅದರ ಕೆಲಸ ಕ್ಯಾಮ್‌ಶಾಫ್ಟ್‌ಗಳನ್ನು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಿಸುವುದು, ಅಷ್ಟೇ.

ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ನನ್ನ ಕಡೆ ತಿರುಗಿ, "ಪೆಟ್ರೋಲಿನ ಹೈ ಪ್ರೆಶರ್ ಪಂಪ್ ಓಡೋದು ಇದೇ ಕ್ಯಾಮ್‌ನಿಂದ. ನಿಮ್ಮ ಟ್ಯೂನ್ ರೈಲ್ ಪ್ರೆಶರ್ ಏರಿಸಿತ್ತಾ? ರೆವ್ ಲಿಮಿಟ್?" ಎಂದರು. ರೈಲ್ ಪ್ರೆಶರ್ ಎಂದರೆ ಆ ಪಂಪು ಪೆಟ್ರೋಲಿಗೆ ಕೊಡುವ ಒತ್ತಡ, ರೆವ್ ಲಿಮಿಟ್ ಎಂದರೆ ಆರ್‌ಪಿಎಂ ಏರಬಹುದಾದ ಮಿತಿ. ಇದು ಸರಿಯಾದ ಪ್ರಶ್ನೆ. ಪಂಪಿನ ಒತ್ತಡ ಏರಿದರೆ ಕ್ಯಾಮ್ ತಿರುಗಿಸಲು ಚೈನ್ ಹೆಚ್ಚು ಎಳೆಯಬೇಕು, ಆರ್‌ಪಿಎಂ ಏರಿದರೆ ಚೈನಿನ ಮೇಲಿನ ಹೊರೆ ಇನ್ನೂ ಏರುತ್ತದೆ. ಒಂಬತ್ತು ದಿನದ ಓದಿನಲ್ಲಿ ನಾನು ಹೆದರಿದ್ದೂ ಇದೊಂದಕ್ಕೇ. ಟ್ಯೂನ್ ಹಾಕಿಸಿದಾಗ ನಾನು ಮಾಡಿಟ್ಟುಕೊಂಡಿದ್ದ ಲಾಗ್‌ಗಳನ್ನು ತೆರೆದು ಕೊಟ್ಟೆ. ಅವು ನನ್ನ ಪರವಾಗಿವೆಯೋ ವಿರುದ್ಧವಾಗಿವೆಯೋ ಎಂದು ಆ ಕ್ಷಣಕ್ಕೆ ಖಾತ್ರಿ ಇರಲಿಲ್ಲ. ರೆವ್ ಲಿಮಿಟ್ ಸ್ಟಾಕ್‌ನದೇ ಇತ್ತು. ರೈಲ್ ಪ್ರೆಶರ್ ಪೂರ್ತಿ ಥ್ರಾಟಲ್‌ನಲ್ಲೂ 200 ಬಾರ್ ಆಸುಪಾಸಿನಲ್ಲೇ ಇತ್ತು, ಟ್ಯೂನಿಗೆ ಮೊದಲಿನ ಲಾಗ್‌ನಲ್ಲಿ ಇದ್ದಷ್ಟೇ. ಅವರು ಎರಡೂ ಗೆರೆಗಳನ್ನು ಒಂದರ ಪಕ್ಕ ಒಂದು ಇಟ್ಟು ಬಹಳ ಹೊತ್ತು ನೋಡಿದರು.

ಆಮೇಲೆ ಟೆನ್ಷನರ್ ಹೊರಗೆ ಬಂತು. ಹೆಬ್ಬೆರಳಿನಷ್ಟಿನ ಉಕ್ಕಿನ ತುಂಡು. ಎಂಜಿನ್ ಓಡುವಾಗ ಆಯಿಲ್ ಒತ್ತಡ ಅದರ ಪಿಸ್ಟನ್ನನ್ನು ಹೊರಗೆ ತಳ್ಳಿ ಚೈನನ್ನು ಬಿಗಿಯಾಗಿ ಹಿಡಿಯುತ್ತದೆ. ಎಂಜಿನ್ ನಿಂತಾಗ ಒತ್ತಡ ಇರುವುದಿಲ್ಲ, ಆಗ ಒಳಗಿನ ರ‍್ಯಾಚೆಟ್ ಅದು ಹಿಂದೆ ಸರಿಯದಂತೆ ತಡೆಯಬೇಕು. ಎಂಜಿನಿಯರ್ ಅದನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಅದು ಮೆಲ್ಲನೆ ಪೂರ್ತಿ ಒಳಗೆ ಹೋಯಿತು. ತಡೆಯುವ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ನನ್ನ ಕೈಗೂ ಕೊಟ್ಟರು. ನಾನೂ ಒತ್ತಿದೆ. ಮೂರು ವಾರ ಕೇಳಿದ ಆ ಎರಡು ಸೆಕೆಂಡಿನ ಕಟಕಟ ಪೂರ್ತಿ ಅರ್ಥವಾದದ್ದು ಆಗ. ರಾತ್ರಿಯೆಲ್ಲ ಸಡಿಲವಾಗಿ ಜೋತುಬಿದ್ದ ಚೈನು ಬೆಳಿಗ್ಗೆ ಆಯಿಲ್ ಬರುವ ತನಕ ಗೈಡ್‌ಗಳಿಗೆ ಬಡಿದುಕೊಳ್ಳುತ್ತಿತ್ತು.

ಅವರು ಉಳಿದದ್ದನ್ನೂ ನೋಡಿದರು. ಪಿಸ್ಟನ್‌ಗಳಲ್ಲಿ ಡೆಟೊನೇಶನ್, ಅಂದರೆ ಹೊತ್ತಲ್ಲದ ಹೊತ್ತಿನ ಸಿಡಿತದ ಗುರುತಿಲ್ಲ, ರಿಂಗ್ ಅಂಚುಗಳು ಗಟ್ಟಿ, ಸ್ಪಾರ್ಕ್ ಪ್ಲಗ್ ಕರಗಿಲ್ಲ, ಬೇರಿಂಗ್ ನುಣುಪು. ಆಯಿಲ್ ರಸೀದಿಗಳ ಫೈಲನ್ನು ಒಂದೊಂದೇ ಹಾಳೆ ತಿರುವಿ ನೋಡಿದರು. ಆಯಿಲ್ ಕಡೆಗಣಿಸಿದ ಗಾಡಿಗಳಲ್ಲಿ ಟೆನ್ಷನರ್ ಬೇಗ ಹೋಗುತ್ತದೆ, ಆ ಸಂಶಯ ಅವರಿಗಿದ್ದದ್ದು ಸಹಜ. ನಾನು ಸುಮ್ಮನೆ ಶಿಸ್ತಿಗೆಂದು ಇಟ್ಟ ಆ ಹಾಳೆಗಳು ಆ ದಿನ ನನ್ನ ಪರವಾಗಿ ಮಾತಾಡಿದವು. ನಾನೇ ಅಳಿಸಿದ ಮಾತನ್ನು ಲೋಹ ಇನ್ನೊಮ್ಮೆ ಹೇಳಿತು.

ವರದಿ ಬರಲು ಇನ್ನೂ ಆರು ದಿನ ಬೇಕಾಯಿತು. ಹೆಡ್, ವಾಲ್ವ್, ಚೈನ್, ಗೈಡ್, ಟೆನ್ಷನರ್ ಎಲ್ಲ ವಾರಂಟಿಯಲ್ಲಿ. ಬಿಚ್ಚಿದ ಕೂಲಿಯೂ ಅವರದೇ. ಟರ್ಬೊ, ಕ್ಲಚ್ ಮತ್ತು ಗೇರ್‌ಬಾಕ್ಸ್‌ಗೆ ಮಾತ್ರ ಇನ್ನು ಮುಂದೆ ವಾರಂಟಿ ಇಲ್ಲ. ಆ ಕೊನೆಯ ಸಾಲಿನ ವಿರುದ್ಧ ಹೋರಾಡು ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಆ ಮೂರೂ ಭಾಗಗಳ ಮೇಲೆ ಹೆಚ್ಚಿನ ಹೊರೆ ಹಾಕಿದ್ದು ನನ್ನ ಟ್ಯೂನ್. ಅಡ್ವೈಸರ್ ಅಂದಿದ್ದ "ಎಲ್ಲಾದ್ದೂ" ತಪ್ಪಾಗಿತ್ತು, ಅದಕ್ಕೆ ಜಗಳವಾಡಿದ್ದು ಸರಿ. ಈ ಗೆರೆ ಸರಿಯಾದ ಜಾಗದಲ್ಲೇ ಬಿದ್ದಿತ್ತು.

ಗಾಡಿ ತೆಗೆದುಕೊಳ್ಳಲು ಹೋದ ದಿನ ಅದೇ ಅಡ್ವೈಸರ್ ಹೊಸ ಜಾಬ್ ಕಾರ್ಡ್ ಮುಂದಿಟ್ಟರು. "ಗ್ರಾಹಕರು ಮಾಡಿಸಿದ ಬದಲಾವಣೆಗಳು" ಎಂಬ ಖಾನೆ ಖಾಲಿ ಇತ್ತು. ಹಿಂದಿನ ಕಾರ್ಡ್‌ಗಳಲ್ಲೂ ಅದು ಖಾಲಿಯೇ ಇತ್ತು. ಪೆನ್ ತೆಗೆದುಕೊಂಡು ಬರೆಯತೊಡಗಿದೆ. ಡೌನ್‌ಪೈಪ್, ಅದರ ತಯಾರಕರು. ಇಂಟೇಕ್. ಟ್ಯೂನ್, ಯಾವ ಆವೃತ್ತಿ, ಬರೆಸಿದ ತಾರೀಖು, ಅಳಿಸಿದ ತಾರೀಖು. ಖಾನೆ ಸಾಲಲಿಲ್ಲ. ಕಾರ್ಡ್ ತಿರುಗಿಸಿ ಹಿಂಬದಿಯಲ್ಲಿ ಮುಂದುವರಿಸಿದೆ. ಅಡ್ವೈಸರ್ ಬರೆದು ಮುಗಿಯುವ ತನಕ ಕಾದು, ಎರಡೂ ಬದಿಗೆ ಸೀಲ್ ಹಾಕಿ, ಒಂದು ಪ್ರತಿಯನ್ನು ನನಗೆ ಕೊಟ್ಟರು.