ಕಸದ ಜೊತೆ ಹೋದ ಶುಕ್ರವಾರ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಜೆರಾಕ್ಸ್, ಲ್ಯಾಮಿನೇಶನ್, ಕನ್ನಡ ಮಲಯಾಳ ಎರಡರಲ್ಲೂ ಟೈಪಿಂಗ್. ಗಡಿಯ ಊರಲ್ವಾ, ಒಂದೇ ನೋಟೀಸಿನ ಒಂದು ಬದಿ ಕನ್ನಡ, ಮಗುಚಿದರೆ ಮಲಯಾಳ. ಕಂಪ್ಯೂಟರ್ ಮಾತ್ರ ಒಂದೇ. ಅದರ ಸಿ ಡ್ರೈವ್ 120 ಜಿಬಿಯದು. ವಿಂಡೋಸ್ ತನ್ನ ಲೆಕ್ಕದಲ್ಲಿ ಅದನ್ನು 111 ಅಂತ ತೋರಿಸುತ್ತದೆ.

ಕಳೆದ ಮಳೆಗಾಲದ ಒಂದು ಶುಕ್ರವಾರ ಹೊಸ ಪ್ರಿಂಟರ್ ತಂದೆ. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಹಾಕುವ ಮೊದಲು ವಿಂಡೋಸಿನಲ್ಲಿ ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟೆ. ಹೆಸರು ಸಹ ಕನ್ನಡದಲ್ಲೇ ಕೊಟ್ಟೆ: 'ಹೊಸ ಪ್ರಿಂಟರಿಗೆ ಮೊದಲು'. ಸಿಸ್ಟಂ ರಿಸ್ಟೋರ್ ಎಂಬ ಈ ಸೌಲಭ್ಯ 2000ನೇ ಇಸವಿಯಲ್ಲಿ ವಿಂಡೋಸ್ ಮಿ ಎಂಬ ಆವೃತ್ತಿಯ ಜೊತೆ ಬಂದದ್ದು. ಸಿಸ್ಟಂ ಫೈಲು, ಡ್ರೈವರ್, ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿ ಇವೆಲ್ಲ ಆ ಹೊತ್ತಿಗೆ ಹೇಗಿದ್ದವೋ ಹಾಗೆ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಏನಾದರೂ ಕೆಟ್ಟರೆ ಆ ದಿನಕ್ಕೆ ಹಿಂದೆ ಹೋಗಬಹುದು. ನಾವು ಮಾಡಿದ ಪತ್ರ, ಫೋಟೋಗಳನ್ನು ಅದು ಮುಟ್ಟುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದವನೇ ನಾನು. ಮರುದಿನ ಮಾಡಿದ್ದು ಕೇಳಿ.

ಪ್ರಿಂಟರಿನ ಜೊತೆ ಬಂದ ಬೇಕಾದ್ದು ಬೇಡದ್ದು ಎಲ್ಲ ಸೇರಿ ಸಿ ಡ್ರೈವ್ ತುಂಬಿ ಕೆಂಪಾಯಿತು. ಶನಿವಾರ ಸಂಜೆ, ಗಿರಾಕಿ ಇಲ್ಲದ ಹೊತ್ತು. ಸುಮ್ನೆ ಕೂತು, ಕಂಪ್ಯೂಟರಿನ ಬೇಡದ ಫೈಲು ಅಳಿಸುವ ಒಂದು ಕ್ಲೀನರ್ ತಂತ್ರಾಂಶ ಇಳಿಸಿಕೊಂಡೆ. ಹೆಸರು ಬೇಡ, ಅಂಥವು ಬೇಕಾದಷ್ಟಿವೆ. ಅದು ಹುಡುಕಿ ಹುಡುಕಿ ಒಂದು ಪಟ್ಟಿ ಕೊಟ್ಟಿತು. ಟೆಂಪರರಿ ಫೈಲು, ಬ್ರೌಸರಿನ ಕ್ಯಾಶ್, ಅಪ್‌ಡೇಟಿನ ಉಳಿಕೆ. ಕೆಳಗೆ ಎಲ್ಲೋ ಸಿಸ್ಟಂ ರಿಸ್ಟೋರ್ ಅಂತಲೂ ಇತ್ತು. ಪ್ರತಿ ಟಿಕ್ಕಿಗೂ ಮೇಲಿನ ಸಂಖ್ಯೆ ಏರುತ್ತಿತ್ತು. ಅದೊಂದು ಆಸೆ. ಎಲ್ಲದಕ್ಕೂ ಟಿಕ್ ಹಾಕಿದೆ. 14 ಜಿಬಿ ಖಾಲಿಯಾಯಿತು. ಅಂಗಡಿ ಗುಡಿಸಿ ನೀರು ಹಾಕಿದಷ್ಟು ಸಮಾಧಾನದಲ್ಲಿ ಶಟರ್ ಎಳೆದೆ.

ಸೋಮವಾರ ಬೆಳಿಗ್ಗೆ ಭಜನಾ ಮಂದಿರದ ಕಾರ್ಯದರ್ಶಿ ಬಾಗಿಲಲ್ಲೇ ನಿಂತಿದ್ದರು. ವಾರ್ಷಿಕೋತ್ಸವದ ಆಮಂತ್ರಣ, 200 ಪ್ರತಿ. ಕಂಪ್ಯೂಟರ್ ಆನ್ ಮಾಡಿ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಪಟ್ಟಿಯೇ ಖಾಲಿ. ಪ್ರಿಂಟಿನ ಕೆಲಸಗಳನ್ನು ಸಾಲಾಗಿ ನಿಲ್ಲಿಸುವ ಸ್ಪೂಲರ್ ಅಂತ ಒಂದಿದೆ. ಅದನ್ನು ಶುರು ಮಾಡಿದರೆ ಎರಡು ಸೆಕೆಂಡಿಗೆ ತಾನಾಗಿ ನಿಂತುಹೋಗುತ್ತಿತ್ತು. ಹೊಸ ಡ್ರೈವರಿನದೇ ಕಿತಾಪತಿ. ಹಳೆ ಪ್ರಿಂಟರೂ ಅದರ ಜೊತೆ ಮಲಗಿತು.

"ಎಂತ ಮಾರಾಯಾ, ಫೈಲ್ ಹೋಯ್ತಾ?"

"ಇಲ್ಲ ಅಣ್ಣ, ಫೈಲ್ ಉಂಟು. ಪ್ರಿಂಟ್ ಬರುವುದಿಲ್ಲ. ಹತ್ತು ನಿಮಿಷ ಕೂತ್ಕೊಳ್ಳಿ."

ಧೈರ್ಯದಲ್ಲೇ ಹೇಳಿದ್ದೆ. ಶುಕ್ರವಾರ ಇದೆಯಲ್ಲ. ಸಿಸ್ಟಂ ರಿಸ್ಟೋರ್ ತೆರೆದೆ. ಸಿಸ್ಟಂ ಡ್ರೈವಿನಲ್ಲಿ ಒಂದೂ ರಿಸ್ಟೋರ್ ಪಾಯಿಂಟ್ ಇಲ್ಲ ಅಂದಿತು. ಈ ಪಾಯಿಂಟುಗಳ ಸೆಟ್ಟಿಂಗ್ ಇರುವ ಸಿಸ್ಟಂ ಪ್ರೊಟೆಕ್ಷನ್ ನೋಡಿದರೆ ಅದು ಆನ್ ಇತ್ತು. ಅದಕ್ಕೆ ಡ್ರೈವಿನ 10 ಶೇಕಡಾ, ಅಂದರೆ ಸುಮಾರು 11 ಜಿಬಿ ಜಾಗ ನಾನೇ ಬಿಟ್ಟುಕೊಟ್ಟಿದ್ದೆ. ಈಗ ಬಳಕೆಯಾದದ್ದು ಎಷ್ಟು? ಸೊನ್ನೆ ಬೈಟ್. ಶನಿವಾರದ 14 ಜಿಬಿಯಲ್ಲಿ ದೊಡ್ಡ ಪಾಲು ಎಲ್ಲಿಂದ ಬಂತು ಅಂತ ಆಗ ತಿಳಿಯಿತು.

ವಿಂಡೋಸಿನದೇ ಡಿಸ್ಕ್ ಕ್ಲೀನಪ್ಪಿನಲ್ಲೂ ಹಳೆ ಪಾಯಿಂಟುಗಳನ್ನು ಅಳಿಸಬಹುದು. ಆದರೆ ಅದು ಕೊನೆಯದೊಂದನ್ನು ಉಳಿಸುತ್ತದೆ. ನನ್ನ ಕ್ಲೀನರಿಗೆ ಅಷ್ಟು ಮರ್ಯಾದೆ ಇರಲಿಲ್ಲ. ಕೇಳಿದ್ದು ಕೊಟ್ಟಿತು ಅನ್ನಿ, ಟಿಕ್ ಹಾಕಿದವ ನಾನೇ.

ಬೇರೆ ಅಂಗಡಿಯಲ್ಲಿ ಪ್ರಿಂಟ್ ಮಾಡಿಸೋಣ ಅಂದರೆ ಅದೂ ಸುಲಭ ಇಲ್ಲ. ಆಮಂತ್ರಣ ಇದ್ದದ್ದು ಪೇಜ್‌ಮೇಕರ್‌ನಲ್ಲಿ, ಹಳೆ ನುಡಿ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ದೇವರ ಹೆಸರೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. ಪಿಡಿಎಫ್ ಮಾಡುವುದಕ್ಕೂ ನನ್ನಲ್ಲಿದ್ದದ್ದು ಪ್ರಿಂಟರಿನ ದಾರಿ ಮಾತ್ರ. ಆ ದಾರಿಗೂ ಸ್ಪೂಲರ್ ಬೇಕು!

ಕಾಸರಗೋಡು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ಅವನ ಮನೆಮಾತು ಮಲಯಾಳ, ನಮ್ಮಿಬ್ಬರದು ಬೆರಕೆ ಭಾಷೆ. "ಎಲ್ಲಾಂ ಪೋಯಲ್ಲೇ?" ಅಂತ ನಕ್ಕ. ಅಳಿಸಿದ ಪಾಯಿಂಟುಗಳನ್ನು ವಾಪಸು ತರಲು ಆಗುತ್ತದಾ ಅಂತ ಕೇಳಿದೆ. ಅವು ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್ ಎಂಬ ಅಡಗಿದ ಫೋಲ್ಡರಿನಲ್ಲಿ ಇರುತ್ತವೆ, ರಿಸೈಕಲ್ ಬಿನ್ನಿಗೆ ಹೋಗುವುದೇ ಇಲ್ಲ, ಅದರ ಆಸೆ ಬಿಡು ಅಂದ. ರಿಜಿಸ್ಟ್ರಿಯಲ್ಲಿ ಆ ಡ್ರೈವರಿನ ಕೀ, ಅಂದರೆ ಅದರ ನಮೂದು, ಹುಡುಕಿ ಅಳಿಸಬೇಕು, ಸ್ಪೂಲಿನ ಪ್ರಿಂಟರ್ಸ್ ಫೋಲ್ಡರಿನಲ್ಲಿ ಸಿಕ್ಕಿಕೊಂಡ ಫೈಲುಗಳನ್ನು ತೆಗೆಯಬೇಕು. "ರಿಜಿಸ್ಟ್ರಿ ಮುಟ್ಟುವ ಮೊದಲು ಒಂದು ರಿಸ್ಟೋರ್ ಪಾಯಿಂಟ್ ಮಾಡ್ಕೋ," ಅಂತಲೂ ಸೇರಿಸಿದ. ತಮಾಷೆಗೆ ಹೇಳಿದ್ದಲ್ಲ. ನಿಯಮವೇ ಹಾಗೆ.

ಮಾಡಿಕೊಂಡೆ. ಕೆಟ್ಟುಹೋದ ಸೋಮವಾರಕ್ಕೆ ವಾಪಸು ಬರುವ ಪಾಯಿಂಟ್ ಅದು, ಆದರೂ ಇರಲಿ. ಕೀಯನ್ನೂ ಎಕ್ಸ್‌ಪೋರ್ಟ್ ಮಾಡಿ ಡಿ ಡ್ರೈವಿನಲ್ಲಿಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಅದು ಹೇಳಿ ಹೋಗುವುದಿಲ್ಲ. ಯುಪಿಎಸ್ ಕಿರುಚಿ ಕಿರುಚಿ ಆಫ್ ಆಯಿತು. ಕಾರ್ಯದರ್ಶಿಗಳು ಎರಡು ಸಲ ಚಹಾಕ್ಕೆ ಹೋಗಿ ಬಂದರು. ಎರಡನೇ ಸಲ ನನಗೂ ಒಂದು ಪಾರ್ಸೆಲ್ ತಂದರು. ಬೈದಿದ್ದರೇ ವಾಸಿ ಇತ್ತು.

ಕರೆಂಟು ಬಂದ ಮೇಲೆ, ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, ಒಂದೊಂದೇ ಹೆಸರು ಓದಿ ಹೇಳಿ, ಅವನು ಹ್ಞೂಂ ಅಂದ ಮೇಲೆ ಡಿಲೀಟ್ ಒತ್ತಿದೆ. ಸ್ಪೂಲರ್ ನಿಂತಿತು. ಅಂದರೆ ಬೀಳದೆ ನಿಂತಿತು! ಹಳೆ ಪ್ರಿಂಟರಿನಿಂದ ಮೊದಲ ಆಮಂತ್ರಣ ಹೊರಗೆ ಬಂದಾಗ ನಾಲ್ಕೂವರೆ.

ಆ ರಾತ್ರಿ ಕ್ಲೀನರನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಹೋಗುವಾಗ ಅದು ಬ್ರೌಸರಿನಲ್ಲಿ ಒಂದು ಪುಟ ತೆರೆದು, ಯಾಕೆ ತೆಗೆಯುತ್ತಿದ್ದೀರಿ ಅಂತ ಕೇಳಿತು. ಬಳಸಲು ಕಷ್ಟ, ನಿಧಾನ, ಬೇರೆ ಸಿಕ್ಕಿದೆ, ಇತರೆ. ನಾಲ್ಕು ಚೌಕ. ಮೊದಲಿನದಕ್ಕೆ ಟಿಕ್ ಹಾಕಲು ಬೆರಳು ಹೋಗಿಯೇ ಬಿಟ್ಟಿತ್ತು. ಹಿಂದೆ ತೆಗೆದೆ, ಎಲ್ಲವನ್ನೂ ಒಮ್ಮೆ ಪೂರ್ತಿ ಓದಿದೆ, ಆಮೇಲೆ 'ಇತರೆ' ಒತ್ತಿದೆ.